ಘಟ್ಟ ಇಳಿದ ಮೇಲೆ ಎಲೆಯೇ ಬೇರೆ

ಡಿಸೆಂಬರ್ ಹತ್ತಿರ ಬಂತೆಂದರೆ ಅರಸೀಕೆರೆ, ಬೇಲೂರು, ಹಳೇಬೀಡು ಸುತ್ತಲಿನ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಬೇರೆ ಊರಿನ ಮಕ್ಕಳು ಬಸ್ಸು ತುಂಬಿಕೊಂಡು ನಮ್ಮ ಚೆನ್ನಕೇಶವನನ್ನೂ ಹೊಯ್ಸಳೇಶ್ವರನನ್ನೂ ನೋಡಲು ಬರುತ್ತಾರೆ. ನಮ್ಮ ಮಕ್ಕಳು ಬಸ್ಸು ತುಂಬಿಕೊಂಡು ಧರ್ಮಸ್ಥಳ, ಉಡುಪಿ, ಮಲ್ಪೆ ಎಂದು ಘಟ್ಟ ಇಳಿಯುತ್ತಾರೆ. ನೋಡುವ ಜಾಗಗಳ ಪಟ್ಟಿಯನ್ನು ಮೇಷ್ಟ್ರು ಕೊಡುತ್ತಾರೆ. ತಿನ್ನುವ ಪಟ್ಟಿ, ತಿನ್ನುವಾಗ ನಡೆದುಕೊಳ್ಳುವ ಪಟ್ಟಿ, ಎರಡನ್ನೂ ಈ ತಾತ ಕೊಡುತ್ತೇನೆ. ಜೊತೆಗೆ ಹೋಗುವ ಅಜ್ಜ ಅಜ್ಜಿಯರೂ ಓದಿಕೊಳ್ಳಲಿ.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಕರಾವಳಿಯವರ ಸಹವಾಸ ತಪ್ಪಿದ್ದಲ್ಲ. ಕೆನರಾ ಬ್ಯಾಂಕು 1906ರಲ್ಲಿ ಮಂಗಳೂರಿನಲ್ಲಿ, ಸಿಂಡಿಕೇಟ್ ಬ್ಯಾಂಕು 1925ರಲ್ಲಿ ಉಡುಪಿಯಲ್ಲಿ, ವಿಜಯಾ ಬ್ಯಾಂಕು 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವು. ಹಾಗಾಗಿ ನಮ್ಮ ಕಾಲದಲ್ಲಿ ಯಾವ ಊರಿನ ಶಾಖೆಗೆ ಹೋದರೂ ಕರಾವಳಿಯವರೊಬ್ಬರು ಇದ್ದೇ ಇರುತ್ತಿದ್ದರು. ಮಧ್ಯಾಹ್ನ ಅವರು ಡಬ್ಬಿ ತೆರೆದರೆ ಇಡೀ ಕೋಣೆಗೆ ಕೊಬ್ಬರಿ ಎಣ್ಣೆಯ ಘಮ. ನಮ್ಮ ಅರಸೀಕೆರೆಯಲ್ಲಿ ತೆಂಗು ಬೆಳೆಯುತ್ತೇವೆ, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿ ಉಂಡೆ ಕೊಬ್ಬರಿ ಮಾಡುತ್ತೇವೆ, ಮಾರುಕಟ್ಟೆಗೆ ಹಾಕಿ ಉತ್ತರ ಭಾರತಕ್ಕೆ ಕಳಿಸುತ್ತೇವೆ. ಆದರೆ ಅಡುಗೆಗೆ ಬಳಸುವುದು ಕಡಲೆಕಾಯಿ ಎಣ್ಣೆ. ಕೊಬ್ಬರಿ ಎಣ್ಣೆ ಎಂದರೆ ನಮಗೆ ತಲೆಗೆ ಹಚ್ಚುವುದು. ಕರಾವಳಿಯವರಿಗೆ ಅದು ಒಗ್ಗರಣೆಗೂ ಬೇಕು, ತಲೆಗೂ ಬೇಕು. ಮೊದಲ ದಿನ ಮೂಗಿಗೆ ಹೊಸದು ಅನ್ನಿಸುತ್ತದೆ, ಮೂರನೇ ದಿನಕ್ಕೆ ಹಿಡಿಸುತ್ತದೆ.

ಬೆಳಗಿನ ತಿಂಡಿ

ಅರಸೀಕೆರೆಯಿಂದ ಹಾಸನ, ಸಕಲೇಶಪುರದ ಮೇಲೆ ರೈಲಿನಲ್ಲಿ ಹೋದರೆ ಸುಬ್ರಹ್ಮಣ್ಯ ರೋಡ್ ತನಕ 57 ಸುರಂಗ. ಬೇಲೂರಿನಿಂದ ಬಸ್ಸಿನಲ್ಲಾದರೆ ಮೂಡಿಗೆರೆ ದಾಟಿ ಚಾರ್ಮಾಡಿ ಘಾಟಿ. ಯಾವ ದಾರಿಯಾದರೂ ಹೊಟ್ಟೆ ತಿರುಗುವ ಮಕ್ಕಳಿಗೆ ಇಳಿಯುವ ಮೊದಲು ಹೆಚ್ಚು ತಿನ್ನಿಸಬೇಡಿ. ಕೆಳಗೆ ಇಳಿದ ಮೇಲೆ ತಿನ್ನಲು ಬೇಕಾದಷ್ಟಿದೆ.

ಮೊದಲನೆಯದು ನೀರು ದೋಸೆ. ಅಕ್ಕಿ ನೆನೆಸಿ, ಒಂದಿಷ್ಟು ತೆಂಗಿನಕಾಯಿ ಹಾಕಿ ನುಣ್ಣಗೆ ರುಬ್ಬಿ, ಉಪ್ಪು ಹಾಕಿ, ಹಿಟ್ಟು ನೀರಿನಂತಾಗುವವರೆಗೆ ತೆಳ್ಳಗೆ ಮಾಡುತ್ತಾರೆ. ಉದ್ದು ಇಲ್ಲ, ಹುಳಿ ಬರಿಸುವುದೂ ಇಲ್ಲ. ಕಾವಲಿ ಚೆನ್ನಾಗಿ ಕಾದಿರಬೇಕು. ಹಿಟ್ಟನ್ನು ಸೌಟಿನಿಂದ ಹರಡಬಾರದು, ಸುತ್ತಲೂ ಎರಚಿದಂತೆ ಹೊಯ್ಯಬೇಕು. ಮುಚ್ಚಳ ಮುಚ್ಚಿ ಬೇಯಿಸಿ, ತಿರುವಿ ಹಾಕದೆ ಮಡಚಿ ತೆಗೆಯಬೇಕು. ಬೆಲ್ಲ ಬೆರೆಸಿದ ಕಾಯಿತುರಿಯ ಜೊತೆ ತಿಂದರೆ ಮಕ್ಕಳಿಗೆ ಹಬ್ಬ. ಹಲ್ಲಿಲ್ಲದ ಅಜ್ಜಂದಿರಿಗೂ ಹಬ್ಬ!

ಬನ್ಸ್ ಎಂದರೆ ಬೇಕರಿಯ ಬನ್ನು ಎಂದುಕೊಳ್ಳಬೇಡಿ. ಮಾಗಿದ ಬಾಳೆಹಣ್ಣನ್ನು ಮೈದಾ ಜೊತೆ ಕಲಸಿ, ಪೂರಿಯಂತೆ ಕರಿದದ್ದು. ಗೋಳಿಬಜೆ ಮೊಸರಿನಲ್ಲಿ ಕಲಸಿದ ಮೈದಾ ಹಿಟ್ಟಿನದು. ಹೊರಗೆ ಗರಿ, ಒಳಗೆ ಹತ್ತಿ. ಹಲಸಿನ ಎಲೆಯ ದೊನ್ನೆಯಲ್ಲಿ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸಿದರೆ ಕೊಟ್ಟೆ ಕಡುಬು. ಕೆಸುವಿನ ಎಲೆಗೆ ಅಕ್ಕಿ ಮಸಾಲೆ ಸವರಿ, ಸುರುಳಿ ಸುತ್ತಿ ಬೇಯಿಸಿದರೆ ಪತ್ರೊಡೆ. ಕೆಸು ಗಂಟಲು ತುರಿಸುತ್ತದೆ, ಅದಕ್ಕೇ ಮಸಾಲೆಗೆ ಹುಣಸೆಹುಳಿ ಸೇರಿಸುತ್ತಾರೆ. ಪತ್ರೊಡೆ ಮಳೆಗಾಲದ್ದು. ಡಿಸೆಂಬರ್‌ನಲ್ಲಿ ಸಿಗದಿದ್ದರೆ ಹೋಟೆಲಿನವರ ಮೇಲೆ ಮುನಿಯಬೇಡಿ.

ಮಧ್ಯಾಹ್ನದ ಎಲೆ

ಕರಾವಳಿಯ ಮನೆಗಳಲ್ಲಿ ಕುಚ್ಚಲಕ್ಕಿಯ ಅನ್ನ ಮಾಡುತ್ತಾರೆ. ಭತ್ತವನ್ನು ಸಿಪ್ಪೆ ಸಮೇತ ಬೇಯಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡಿದ್ದು ಕುಚ್ಚಲಕ್ಕಿ. ಕಾಳು ದಪ್ಪ, ಬಣ್ಣ ಕೆಂಪು, ಬೇಯಲು ಹೊತ್ತು ಬೇಕು. ಅದನ್ನೇ ನೀರಿನೊಡನೆ ಗಂಜಿಯಾಗಿ ಉಪ್ಪಿನಕಾಯಿ, ಚಟ್ನಿ ಇಟ್ಟುಕೊಂಡು ಉಣ್ಣುತ್ತಾರೆ. ನಮಗೆ ಮುದ್ದೆ ಹೇಗೋ ಅವರಿಗೆ ಗಂಜಿ ಹಾಗೆ. ಗಂಜಿ ಎಂದರೆ ಜ್ವರ ಬಂದವರ ಊಟ ಎಂದು ಅಲ್ಲಿ ಹೇಳಿದರೆ ನಕ್ಕಾರು.

ಉಡುಪಿಯ ಶ್ರೀಕೃಷ್ಣ ಮಠದಲ್ಲಿ, ಧರ್ಮಸ್ಥಳದ ಅನ್ನಪೂರ್ಣದಲ್ಲಿ ಬಂದವರಿಗೆಲ್ಲ ಊಟವಿದೆ, ಹಣ ಕೇಳುವುದಿಲ್ಲ. ಉಡುಪಿಯಲ್ಲಿ ಅಷ್ಟಮಠಗಳು ಸರದಿಯ ಮೇಲೆ ಎರಡೆರಡು ವರ್ಷ ಕೃಷ್ಣನ ಪೂಜೆ ಮಾಡುತ್ತವೆ. ಆ ಸರದಿಗೆ ಪರ್ಯಾಯ ಎಂದು ಹೆಸರು. ಪೂಜೆಯಷ್ಟೇ ದೊಡ್ಡ ಹೊಣೆ ಅನ್ನದಾನದ್ದು.

ಬಾಳೆಎಲೆಯ ತುದಿ ನಿಮ್ಮ ಎಡಕ್ಕೆ ಇರಬೇಕು. ಬಡಿಸುವವರು ‘ಸಾರು, ಸಾರು’ ಎಂದು ಓಡುತ್ತಾ ಬರುತ್ತಾರೆ, ನಿಮಗಾಗಿ ನಿಲ್ಲುವುದಿಲ್ಲ. ಅನ್ನದ ನಡುವೆ ಬೆರಳಿನಿಂದ ಗುಳಿ ಮಾಡಿಟ್ಟುಕೊಂಡಿರಿ, ಸಾರು ಅದರಲ್ಲಿ ನಿಲ್ಲುತ್ತದೆ. ಪಾಯಸವನ್ನೂ ಎಲೆಯ ಮೇಲೇ ಬಡಿಸುತ್ತಾರೆ. ಕೈಯಲ್ಲಿ ಬಳಿದು ತಿನ್ನುವುದು ಒಂದು ವಿದ್ಯೆ, ಪಕ್ಕದಲ್ಲಿ ಕುಳಿತ ಅಲ್ಲಿನ ಮಗುವನ್ನು ನೋಡಿ ಕಲಿಯಿರಿ. ಬೇಡವಾದರೆ ಎಲೆಯ ಮೇಲೆ ಅಂಗೈ ಅಡ್ಡ ಹಿಡಿಯಿರಿ, ‘ಸಾಕು’ ಎನ್ನಿ. ತುಳುವಿನಲ್ಲಿ ‘ಯಾವು’ ಎಂದರೆ ಬಡಿಸುವವರಿಗೆ ಖುಷಿಯಾಗುತ್ತದೆ. ಎಲೆ ಮಡಚುವ ರೀತಿ ಒಂದೊಂದು ಕಡೆ ಒಂದೊಂದು ಬಗೆ. ಪಂಕ್ತಿಯಲ್ಲಿರುವವರು ಮಾಡಿದಂತೆ ಮಾಡಿದರೆ ಸಾಕು.

ಅನಾನಸ್ ಮೆಣಸ್ಕಾಯಿ ಬಂದರೆ ಬಿಡಬೇಡಿ. ಸಿಹಿ, ಹುಳಿ, ಖಾರ ಮೂರೂ ಒಂದೇ ತುತ್ತಿನಲ್ಲಿ ಸಿಗುತ್ತದೆ. ಮಟ್ಟುಗುಳ್ಳದ ಹುಳಿ ಸಿಕ್ಕರೆ ಅದೃಷ್ಟ. ಉಡುಪಿ ಬಳಿಯ ಮಟ್ಟು ಗ್ರಾಮದ ಆ ಗುಂಡು ಬದನೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ.

ಯಾರದಾದರೂ ಮನೆಗೆ ಹೋದರೆ ಮೊದಲು ಬೆಲ್ಲ, ನೀರು ತಂದಿಡುತ್ತಾರೆ. ಬಿಸಿಲಲ್ಲಿ ಬಂದವರಿಗೆ ಅದು ಅಲ್ಲಿನ ಮರ್ಯಾದೆ. ಸಕ್ಕರೆ ಕಾಯಿಲೆಯ ಅಜ್ಜ ಅಜ್ಜಿಯರು ಬೆಲ್ಲವನ್ನು ಸಾಸಿವೆ ಕಾಳಿನಷ್ಟು ನಾಲಿಗೆಗೆ ತಾಗಿಸಿ ನೀರು ಕುಡಿದರೆ ಮನೆಯವರ ಮನಸ್ಸೂ ಉಳಿಯುತ್ತದೆ, ಆರೋಗ್ಯವೂ ಉಳಿಯುತ್ತದೆ.

ಮೀನು, ಹಬ್ಬ, ಹೊಸ ಅಕ್ಕಿ

ಮೀನು ತಿನ್ನುವ ಮನೆಯವರಿಗೆ ಬಂಗುಡೆ, ಬೂತಾಯಿ, ಅಂಜಲ್, ಕಾಣೆ ಎಂಬ ಹೆಸರುಗಳು ಗೊತ್ತಿದ್ದರೆ ಸಾಕು. ಬಂಗುಡೆ, ಬೂತಾಯಿಗೆ ಬೆಲೆ ಕಡಿಮೆ, ರುಚಿ ಹೆಚ್ಚು, ಆದರೆ ಮುಳ್ಳಿದೆ. ಚಿಕ್ಕ ಮಕ್ಕಳಿಗೆ ದೊಡ್ಡವರು ಬಿಡಿಸಿ ಕೊಡಬೇಕು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅದು ಮೀನು ಮರಿ ಹಾಕುವ ಕಾಲ, ಕಡಲೂ ಒರಟು. ಕೋರಿ ರೊಟ್ಟಿ ಎಂದರೆ ಹಪ್ಪಳದಂತೆ ಗರಿಗರಿಯಾದ ಅಕ್ಕಿ ರೊಟ್ಟಿಯ ಮೇಲೆ ಕೋಳಿ ಸಾರು ಹೊಯ್ದದ್ದು. ನಮ್ಮ ಮೆತ್ತನೆಯ ಅಕ್ಕಿ ರೊಟ್ಟಿಗೂ ಅದಕ್ಕೂ ಹೆಸರಷ್ಟೇ ನೆಂಟಸ್ತಿಕೆ.

ಆಷಾಢದ ಹೊತ್ತಿಗೆ ತುಳುನಾಡಿನಲ್ಲಿ ಆಟಿ ತಿಂಗಳು. ಆಟಿ ಅಮಾವಾಸ್ಯೆಯ ಬೆಳಗ್ಗೆ ಹಾಲೆ ಮರದ ತೊಗಟೆಯ ಕಹಿ ಕಷಾಯ ಕುಡಿದು, ಮೇಲೆ ಮೆಂತೆ ಗಂಜಿ ಉಣ್ಣುತ್ತಾರೆ. ಮರ ಗುರುತಿಸುವುದು ತಿಳಿದವರ ಕೆಲಸ, ನಾವು ಯಾವುದೋ ತೊಗಟೆ ಕೆತ್ತಿ ಪ್ರಯೋಗ ಮಾಡಬಾರದು. ಸೆಪ್ಟೆಂಬರ್ 8ರಂದು ಮಂಗಳೂರಿನ ಕ್ರೈಸ್ತರು ಮೊಂತಿ ಹಬ್ಬಕ್ಕೆ ಹೊಸ ತೆನೆ ಮನೆಗೆ ತಂದು, ಹೊಸ ಅಕ್ಕಿ ಸೇರಿಸಿ ಉಣ್ಣುತ್ತಾರೆ. ಮೀನು ಮಾಂಸ ಪ್ರಿಯರ ಮನೆಯಲ್ಲೂ ಅಂದು ತರಕಾರಿಯೇ. ತುಳುವರ ಮನೆಗಳಲ್ಲಿ ಹೊಸ ಅಕ್ಕಿಯ ಊಟಕ್ಕೆ ಪುದ್ದರ್ ಎನ್ನುತ್ತಾರೆ. ದೇವರು ಬೇರೆಯಾದರೂ ಗದ್ದೆ ಒಂದೇ.

ಜಮಾ, ಖರ್ಚು

ಈಗ ಒಂದು ದೂರದ ಲೆಕ್ಕ. 1500ರಲ್ಲಿ ಪೋರ್ಚುಗೀಸರ ಕಬ್ರಾಲ್ ಎಂಬಾತ ಹಡಗುಗಳನ್ನು ಕಟ್ಟಿಕೊಂಡು ಭಾರತಕ್ಕೆ ಹೊರಟ. ಏಪ್ರಿಲ್‌ನಲ್ಲಿ ಬ್ರೆಜಿಲ್ ದಡ ಮುಟ್ಟಿದ, ಅದೇ ಯಾನದಲ್ಲಿ ಸೆಪ್ಟೆಂಬರ್ ಹೊತ್ತಿಗೆ ಕೋಳಿಕ್ಕೋಡಿಗೆ ಬಂದ. ಅಲ್ಲಿಂದ ಮುಂದೆ ಎರಡು ಕರಾವಳಿಗಳ ನಡುವೆ ಲೆಜರ್ ತೆರೆದಂತಾಯಿತು.

ನಮಗೆ ಜಮಾ ಆದದ್ದು: ಗೇರು. ಗೋಡಂಬಿಯ ತವರು ಬ್ರೆಜಿಲ್. ಅಲ್ಲಿನ ಮೂಲನಿವಾಸಿಗಳ ತುಪಿ ಭಾಷೆಯ ‘ಅಕಾಜು’ ಪೋರ್ಚುಗೀಸರ ಬಾಯಲ್ಲಿ ‘ಕಾಜು’ ಆಯಿತು, ಕೊಂಕಣಿಯಲ್ಲೂ ಹಿಂದಿಯಲ್ಲೂ ಅದೇ ನಿಂತಿತು. ಇವತ್ತು ಪುತ್ತೂರಿನಲ್ಲಿ ಗೇರಿಗೆಂದೇ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಇದೆ. ಮರಗೆಣಸು, ಅನಾನಸ್, ಕಡಲೆಕಾಯಿ ಕೂಡ ದಕ್ಷಿಣ ಅಮೆರಿಕದಿಂದ ಬಂದವು. ಮೆಣಸಿನಕಾಯಿಯೂ ಆ ಖಂಡಗಳದ್ದೇ. ಮೆಣಸ್ಕಾಯಿಯ ಅನಾನಸ್ಸೂ, ನಮ್ಮ ಮನೆಯ ಕಡಲೆಕಾಯಿ ಎಣ್ಣೆಯೂ ಹಡಗು ಹತ್ತಿ ಬಂದ ಪದಾರ್ಥಗಳ ವಂಶ.

ಖರ್ಚು ಆದದ್ದು: ತೆಂಗು. 16ನೇ ಶತಮಾನದಲ್ಲಿ ಪೋರ್ಚುಗೀಸರು ಹಿಂದೂ ಮಹಾಸಾಗರದ ಕಡೆಯ ತೆಂಗನ್ನು ಆಫ್ರಿಕದ ಪಶ್ಚಿಮದ ದ್ವೀಪಗಳ ಮೂಲಕ ಬ್ರೆಜಿಲ್‌ಗೆ ಒಯ್ದರು. ಮಾವು, ಹಲಸು ಕೂಡ ಹೋದವು. ಹಲಸಿಗೆ ಬ್ರೆಜಿಲ್‌ನವರು ‘ಜಾಕ’ ಎನ್ನುತ್ತಾರೆ, ಅದು ಮಲಯಾಳದ ‘ಚಕ್ಕ’. ಬಹಿಯಾ ಎಂಬ ಅಲ್ಲಿನ ಕರಾವಳಿ ಪ್ರಾಂತ್ಯದಲ್ಲಿ ಮೀನನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ ಮೊಕೆಕ ಎಂಬ ಸಾರು ಮಾಡುತ್ತಾರೆ. ಪಕ್ಕದ ಪ್ರಾಂತ್ಯದವರು ತೆಂಗಿನ ಹಾಲು ಹಾಕದೆ ಮಾಡಿ ನಮ್ಮದೇ ಸರಿ ಎನ್ನುತ್ತಾರೆ. ಅಲಸಂದೆ ಕಾಳಿನ ಸಿಪ್ಪೆ ತೆಗೆದು, ರುಬ್ಬಿ, ತಾಳೆ ಎಣ್ಣೆಯಲ್ಲಿ ಕರಿದ ಅಕರಜೆ ಎಂಬ ವಡೆಯನ್ನು ಬಿಳಿ ಬಟ್ಟೆ ತೊಟ್ಟ ಹೆಂಗಸರು ಬೀದಿಯಲ್ಲಿ ಮಾರುತ್ತಾರೆ. ಆಫ್ರಿಕದಿಂದ ಗುಲಾಮರಾಗಿ ಸಾಗಿಸಲ್ಪಟ್ಟವರು ಎಲ್ಲವನ್ನೂ ಕಳೆದುಕೊಂಡರೂ ಉಳಿಸಿಕೊಂಡ ರುಚಿ ಅದು. ಬ್ರೆಜಿಲ್‌ನ ಎಷ್ಟೋ ಹೋಟೆಲುಗಳಲ್ಲಿ ತಟ್ಟೆಗೆ ಬಡಿಸಿಕೊಂಡು ತಕ್ಕಡಿಯ ಮೇಲಿಟ್ಟು ತೂಕಕ್ಕೆ ದುಡ್ಡು ಕೊಡಬೇಕು. ಎಲೆಯಲ್ಲಿ ಬಿಡುವ ಮಕ್ಕಳಿಗೆ ಒಳ್ಳೆಯ ಪಾಠ!

ಮೂಗು ಮುರಿಯಬೇಡಿ

ಇಷ್ಟೆಲ್ಲ ಹೇಳಿದ್ದಕ್ಕೆ ಒಂದು ಕಾರಣವಿದೆ. ನಮ್ಮ ಬೀದಿಯ ಆರನೇ ತರಗತಿಯ ಹುಡುಗಿಯೊಬ್ಬಳು ಮೊನ್ನೆ ಬಂದು ಹೇಳಿದಳು: ‘ತಾತ, ನಮ್ಮ ಕ್ಲಾಸಿಗೆ ಮಂಗಳೂರು ಕಡೆಯಿಂದ ಒಬ್ಬ ಹುಡುಗ ಬಂದಿದ್ದಾನೆ. ಅವರಪ್ಪನಿಗೆ ಇಲ್ಲಿಗೆ ವರ್ಗ ಆಗಿದೆ. ಅವನ ಡಬ್ಬಿ ವಾಸನೆ ಅಂತ ಎಲ್ಲ ಎದ್ದು ಹೋದ್ರು. ಈಗ ಅವನು ಡಬ್ಬಿ ತೆಗೆಯೋದೇ ಇಲ್ಲ, ಸಂಜೆವರೆಗೂ ಹಾಗೇ ಇರ್ತಾನೆ.’

‘ನೀನೇನು ಮಾಡಿದೆ?’ ಎಂದೆ.

‘ನೆನ್ನೆ ಪಕ್ಕ ಹೋಗಿ ಕೂತೆ. ಏನಿದು ಅಂತ ಕೇಳಿದೆ. ಒಣ ಸಿಗಡಿ ಚಟ್ನಿ ಅಂದ. ನಮ್ಮನೇಲಿ ತಿನ್ನಲ್ಲ ಕಣೋ, ನೀನು ತಿನ್ನು, ನಾನು ಇಲ್ಲೇ ಕೂತಿರ್ತೀನಿ ಅಂದೆ. ತಿಂದ.’

ಮಕ್ಕಳೇ, ಅತಿಥಿಯಾಗಿ ಹೋಗುವವರಿಗೂ, ಅತಿಥಿಯನ್ನು ಕರೆಯುವವರಿಗೂ ಇದಕ್ಕಿಂತ ದೊಡ್ಡ ನಿಯಮ ನಾನು ಕಂಡಿಲ್ಲ. ತಿನ್ನಲೇಬೇಕೆಂದಿಲ್ಲ. ‘ನಮ್ಮಲ್ಲಿ ತಿನ್ನುವುದಿಲ್ಲ’ ಎಂದು ನಗುತ್ತಾ ಹೇಳಿದರೆ ಯಾರಿಗೂ ಬೇಸರವಿಲ್ಲ. ಮೂಗು ಮುಚ್ಚಿಕೊಂಡರೆ ಮಾತ್ರ, ಆ ಊಟ ಕಟ್ಟಿಕೊಟ್ಟ ತಾಯಿಗೆ ಅವಮಾನ. ಅಜ್ಜ ಅಜ್ಜಿಯರೇ, ಮಕ್ಕಳು ಮೂಗು ಮುರಿಯುವುದನ್ನು ನಮ್ಮನ್ನು ನೋಡಿಯೇ ಕಲಿಯುತ್ತಾರೆ. ‘ಅವರೆಲ್ಲ ಅದೇನು ತಿಂತಾರೋ’ ಎಂಬ ಮಾತು ನಮ್ಮ ಜಗುಲಿಯಿಂದ ಏಳದಿರಲಿ.

ಈ ವಾರದ ಮನೆಗೆಲಸ: ಅಡುಗೆಮನೆಗೆ ಹೋಗಿ ಹತ್ತು ಡಬ್ಬಿಗಳ ಮುಚ್ಚಳ ತೆಗೆದು ನೋಡಿ. ಒಳಗಿರುವುದರಲ್ಲಿ ನಮ್ಮ ನೆಲದ್ದು ಯಾವುದು, ಹಡಗಿನಲ್ಲಿ ಬಂದದ್ದು ಯಾವುದು ಎಂದು ಅಜ್ಜಿಯ ಜೊತೆ ಕುಳಿತು ಎರಡು ಕಾಲಂ ಮಾಡಿ ಬರೆಯಿರಿ. ಭಾನುವಾರ ಒಂದು ಲೋಟ ಅಕ್ಕಿ ನೆನೆಸಿ ನೀರು ದೋಸೆ ಮಾಡಿಸಿಕೊಳ್ಳಿ. ಮೊದಲ ದೋಸೆ ಹರಿದರೆ ಚಿಂತೆಯಿಲ್ಲ, ಹಿಟ್ಟಿಗೆ ಇನ್ನೂ ಸ್ವಲ್ಪ ನೀರು ಹಾಕಿ.