ಗಾರ್ಟನ್ಸ್ ಬೆಳೆಯಿತು, ಕಾಡ್ ಕರಗಿತು
ಅಮೆರಿಕದ ಮ್ಯಾಸಚೂಸೆಟ್ಸ್ ಕರಾವಳಿಯಲ್ಲಿ ಗ್ಲಾಸ್ಟರ್ ಎಂಬ ಹಳೆಯ ಮೀನುಗಾರರ ಊರಿದೆ. ಅಲ್ಲಿನ ಗಾರ್ಟನ್ಸ್ ಕಂಪನಿಯ ಬೇರು 1849ರಷ್ಟು ಹಿಂದಕ್ಕೆ ಹೋಗುತ್ತದೆ. ಆಗ ಗ್ಲಾಸ್ಟರ್‌ಗೆ ಅನ್ನ ಕೊಡುತ್ತಿದ್ದುದು ಉಪ್ಪು ಸವರಿ ಒಣಗಿಸಿದ ಕಾಡ್ ಮೀನು. 1920ರ ದಶಕದಲ್ಲಿ ಕ್ಲಾರೆನ್ಸ್ ಬರ್ಡ್ಸ್‌ಐ ಎಂಬಾತ ಅದೇ ಊರಿನಲ್ಲಿ ಮೀನನ್ನು ಕ್ಷಿಪ್ರವಾಗಿ ಹೆಪ್ಪುಗಟ್ಟಿಸುವ ವಿಧಾನವನ್ನು ಬೆಳೆಸಿದ ಮೇಲೆ ವ್ಯಾಪಾರದ ಚಹರೆಯೇ ಬದಲಾಯಿತು. 1953ರಲ್ಲಿ ಗಾರ್ಟನ್ಸ್ ಫಿಶ್ ಸ್ಟಿಕ್ ಮಾರುಕಟ್ಟೆಗೆ ತಂದಿತು: ಮುಳ್ಳು ತೆಗೆದ ಮೀನಿನ ತುಂಡುಗಳನ್ನು ಇಟ್ಟಿಗೆಯಂತೆ ಒತ್ತಿ ಹೆಪ್ಪುಗಟ್ಟಿಸಿ, ಆ ಗಟ್ಟಿಯನ್ನು ಗರಗಸದಿಂದ ಬೆರಳುದ್ದಕ್ಕೆ ಕೊಯ್ದು, ಹಿಟ್ಟು, ಬ್ರೆಡ್ ಪುಡಿ ಹಚ್ಚಿ, ಎಣ್ಣೆಯಲ್ಲಿ ಕರಿದು, ಮತ್ತೆ ಹೆಪ್ಪುಗಟ್ಟಿಸುವುದು. ಮೀನು ಶುಚಿ ಮಾಡಲು ಬಾರದವರ ಅಡುಗೆಮನೆಗೂ ಕಡಲು ಬಂತು! ಆಮೇಲೆ ಯಜಮಾನರು ಬದಲಾದರು: 1968ರಲ್ಲಿ ಜನರಲ್ ಮಿಲ್ಸ್, 1995ರಲ್ಲಿ ಯೂನಿಲಿವರ್, 2001ರಲ್ಲಿ ಜಪಾನಿನ ನಿಸ್ಸುಯಿ. ಈ ನಿಸ್ಸುಯಿಯೂ 1911ರಷ್ಟು ಹಳೆಯದು. 1970ರ ದಶಕದಲ್ಲಿ ದೇಶಗಳು ತಮ್ಮ ತೀರದಿಂದ 200 ನಾಟಿಕಲ್ ಮೈಲಿವರೆಗಿನ ಕಡಲಿನ ಮೇಲೆ ಹಕ್ಕು ಸಾಧಿಸಿದಾಗ ಅದರ ಹಡಗುಗಳಿಗೆ ದೂರದ ಕಡಲುಗಳ ಬಾಗಿಲು ಮುಚ್ಚಿತು. ಹಿಡಿಯುವುದಕ್ಕಿಂತ ಸಂಸ್ಕರಿಸಿ ಮಾರುವುದೇ ದಾರಿಯಾಯಿತು. ಇತ್ತ ಗ್ಲಾಸ್ಟರ್‌ನ ದೋಣಿಗಳು ನಂಬಿದ್ದ ಕಾಡ್ ಅತಿಯಾದ ಬೇಟೆಯಿಂದ ಕರಗಿಹೋಯಿತು. ಪೊಟ್ಟಣದ ಮೇಲೆ ಹಳದಿ ಮಳೆಕೋಟಿನ ಬೆಸ್ತ ಇಂದಿಗೂ ಚುಕ್ಕಾಣಿ ಹಿಡಿದು ನಿಂತಿದ್ದಾನೆ. ಒಳಗಿನ ಫಿಶ್ ಸ್ಟಿಕ್ ಮಾತ್ರ ಅಲಾಸ್ಕಾದ ಪೊಲಾಕ್ ಮೀನಿನದು. ಕಂಪನಿಯ ಜಾಣ್ಮೆಯನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಆ ಏಳಿಗೆಯಲ್ಲಿ ಗ್ಲಾಸ್ಟರ್‌ನ ದೋಣಿಗಳಿಗೆ ಸಲ್ಲಬೇಕಾದ ಪಾಲು ಸಲ್ಲಲಿಲ್ಲ ಎಂದೇ ನಾನು ಹೇಳುತ್ತೇನೆ.