ಮಕ್ಕಳ ಪಾಲಿಗೆ ನಾಲ್ಕು ಗುಂಟೆ

ಮಗ ಓದಿ ಪಟ್ಟಣ ಸೇರಲೆಂದು ಹಾರೈಸುವ ನಾವೇ, ಹೊಲ ನೋಡುವವರಿಲ್ಲವೆಂದು ಕಟ್ಟೆಯ ಮೇಲೆ ಕುಳಿತು ಕೊರಗುತ್ತೇವೆ. ಹೊಲದಲ್ಲಿ ಅವನಿಗೆ ಕೊಟ್ಟದ್ದಾದರೂ ಏನು? ಕಳೆ ಕೀಳುವ, ದನ ಕಾಯುವ ದುಡಿಮೆ ಮಾತ್ರ. ಬೀಜದ ಆಯ್ಕೆ, ಮಾರಾಟ, ಲೆಕ್ಕ ಎಲ್ಲವೂ ನಮ್ಮ ಕೈಯಲ್ಲೇ.

ಅಮೆರಿಕದ ಹಳ್ಳಿಗಳಲ್ಲಿ ಇದಕ್ಕೊಂದು ದಾರಿ ಕಂಡುಕೊಂಡರು. 1902ರಲ್ಲಿ ಒಹಾಯೋ ರಾಜ್ಯದ ಶಾಲಾ ಮೇಲ್ವಿಚಾರಕ ಎ. ಬಿ. ಗ್ರಹಾಂ ರೈತಮಕ್ಕಳ ಸಂಘವೊಂದನ್ನು ಕಟ್ಟಿದರು. ಇಂಥ ಸಂಘಗಳೇ ಮುಂದೆ ಫೋರ್-ಎಚ್ ಕ್ಲಬ್ಬುಗಳಾಗಿ ದೇಶವಿಡೀ ಹಬ್ಬಿದವು. ಮೆಕ್ಕೆಜೋಳದ ಸಂಘದಲ್ಲಿ ಹುಡುಗನೊಬ್ಬನಿಗೆ ಒಂದು ಎಕರೆ. 1910ರಲ್ಲಿ ದಕ್ಷಿಣ ಕೆರೋಲಿನಾದ ಜೆರ್ರಿ ಮೂರ್ ಎಂಬ ಹುಡುಗ ತನ್ನ ಎಕರೆಯಲ್ಲಿ 228 ಬುಷೆಲ್, ಅಂದರೆ ಸುಮಾರು 58 ಕ್ವಿಂಟಲ್ ತೆಗೆದ. ಆಗ ಆ ದೇಶದ ಸರಾಸರಿ 30 ಬುಷೆಲ್ ಕೂಡ ಇರಲಿಲ್ಲ! ವಿಜ್ಞಾನಿಗಳ ಮಾತಿಗೆ ತಲೆಯಾಡಿಸಿ ಸುಮ್ಮನಾಗುತ್ತಿದ್ದ ಅಪ್ಪಂದಿರು ಮಕ್ಕಳ ಹೊಲ ಕಂಡು ನಂಬಿದರು.

ನೀವು ಗಮನಿಸಬೇಕಾದದ್ದು ಆ ಸಂಘಗಳ ಬಹುಮಾನದ ಅಂಕಗಳನ್ನು. ನೂರರಲ್ಲಿ ಇಳುವರಿಗೆ 30, ತೆನೆಗಳ ಪ್ರದರ್ಶನಕ್ಕೆ 20, ಬೆಳೆದ ಬಗೆಯನ್ನು ಬರೆದುಕೊಡುವುದಕ್ಕೆ 20, ಲಾಭ ತೋರಿಸುವುದಕ್ಕೆ 30. ಬರೀ ಮೂಟೆ ಹೆಚ್ಚಿಸಿದರೆ ಸಾಲದು, ಖರ್ಚನ್ನೂ ಒಪ್ಪಿಸಬೇಕು. ನಮ್ಮ ಬೆಳೆ ಸ್ಪರ್ಧೆಗಳಲ್ಲಿ ತೂಕಕ್ಕೇ ಮನ್ನಣೆ. ಎಷ್ಟು ಸಾಲ ಮಾಡಿ ಬೆಳೆದೆ ಎಂದು ಕೇಳುವವರಾರು?

ಹೆಣ್ಣುಮಕ್ಕಳೂ ಹಿಂದುಳಿಯಲಿಲ್ಲ. 1910ರಲ್ಲೇ ಶಿಕ್ಷಕಿ ಮೇರಿ ಕ್ರೋಮರ್ ಅವರಿಗಾಗಿ ಟೊಮ್ಯಾಟೊ ಸಂಘ ತೆರೆದರು. ಒಬ್ಬೊಬ್ಬಳಿಗೆ ಎಕರೆಯ ಹತ್ತನೆಯ ಒಂದು ಭಾಗ, ನಮ್ಮ ಲೆಕ್ಕದಲ್ಲಿ ನಾಲ್ಕೇ ಗುಂಟೆ.

ಇಂಡಿಯಾನಾದ ರೈತನ ಮಗ ಆರ್ವಿಲ್ ರೆಡೆನ್‌ಬಾಕರ್ ಹುಡುಗನಾಗಿದ್ದಾಗಲೇ ಅರಳಿನ ಜೋಳ ಬೆಳೆಯತೊಡಗಿದ, ಫೋರ್-ಎಚ್ ಸದಸ್ಯನಾಗಿದ್ದ. 1928ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಬೇಸಾಯಶಾಸ್ತ್ರದ ಪದವಿ ಪಡೆದು, ರೈತರಿಗೆ ತಿಳಿವಳಿಕೆ ನೀಡುವ ಕೆಲಸಕ್ಕೆ ಸೇರಿದ. ಮುಂದೆ ಗೆಳೆಯನೊಡನೆ ಅರಳಿನ ಜೋಳದ ಹೈಬ್ರಿಡ್ ತಳಿ ತಂದು ದೇಶಕ್ಕೆಲ್ಲ ಹೆಸರಾದ. ಹುಡುಗಾಟದ ಬೆಳೆಯೇ ಜೀವನದ ಕಸುಬಾಯಿತು.

ನಮ್ಮಲ್ಲೂ ಕೃಷಿಕರ ಕೋಟಾದಲ್ಲಿ ಕೃಷಿ ಪದವಿಗೆ ಸೇರಲು ಪ್ರಾಯೋಗಿಕ ಪರೀಕ್ಷೆಯಿದೆ. ಬೀಜ, ಗೊಬ್ಬರ ಮುಟ್ಟಿ ಬಲ್ಲ ಮಗುವಿಗೆ ಅಲ್ಲಿ ಅಂಜಿಕೆಯಿಲ್ಲ.

ಈ ಮುಂಗಾರಿಗೆ ಮಗನಿಗೋ ಮಗಳಿಗೋ ನಾಲ್ಕು ಗುಂಟೆ ಅಳೆದು ಗೂಟ ಹೊಡೆದುಕೊಡಿ. ಕಲ್ಲುಭೂಮಿಯ ಮೂಲೆಯನ್ನಲ್ಲ, ನೀರು ಹಾಯುವ ಜಾಗವನ್ನು. ಬೀಜಕ್ಕೆ ಕೈಗಡ ಕೊಟ್ಟು ಪುಸ್ತಕದಲ್ಲಿ ಬರೆಸಿ. ಮಣ್ಣು ಪರೀಕ್ಷೆಗೆ ಕೃಷಿ ವಿಜ್ಞಾನ ಕೇಂದ್ರಕ್ಕೆ ಅವರನ್ನೇ ಕಳಿಸಿ. ಊರಿನ ಯುವಕ ಮಂಡಲ ಹತ್ತು ಮಕ್ಕಳನ್ನು ಕೂಡಿಸಿದರೆ ಸಂಘವಾದಂತೆಯೇ. ಸುಗ್ಗಿಯಲ್ಲಿ ಕೈಗಡ ಕಳೆದು ಉಳಿದ ಹಣವನ್ನು ಮಾತ್ರ, ಎಷ್ಟೇ ಅಡಚಣೆಯಿದ್ದರೂ, ಮನೆಖರ್ಚಿಗೆ ಕೇಳಬೇಡಿ.