ಎರಡು ಸೀಟಿನ ಆಸೆ

ಎರಡೇ ಸೀಟಿನ ಹಳೇ ಸ್ಪೋರ್ಟ್ಸ್ ಕಾರು ಕೊಂಡವರನ್ನು ನೋಡಿ ಊರಲ್ಲಿ ನಗುತ್ತಾರೆ. ನಾವು ನಗುವುದಿಲ್ಲ. ಟ್ರ್ಯಾಕ್ಟರ್ ಬಂದ ಮೇಲೂ ಆಸೆಗಾಗಿ ಹಳ್ಳಿಕಾರ್ ಜೋಡಿ ಸಾಕುವವರು ನಮ್ಮಲ್ಲಿಲ್ಲವೇ?

ಗೋವಾದಲ್ಲಿ ತಯಾರಾಗುತ್ತಿದ್ದ ಸ್ಯಾನ್ ಸ್ಟಾರ್ಮ್ ಅಂಥದ್ದೇ ಕಾರು. ರೆನೋ ಎಂಜಿನ್, ಫೈಬರ್ ಬಾಡಿ. ಬಾಡಿಗೆ ತುಕ್ಕು ಹಿಡಿಯದು, ಅಡಿಯ ಕಬ್ಬಿಣಕ್ಕೆ ಹಿಡಿಯುತ್ತದೆ. ಈಗ ತಯಾರಿ ನಿಂತಿದೆ, ಬಿಡಿಭಾಗ ಹುಡುಕಬೇಕು.

ನಂದಿನಿ ಲೇಔಟ್‌ನಲ್ಲಿ ಇಂಥದ್ದೊಂದು ಮಾರಾಟಕ್ಕೆ ಸಿಕ್ಕರೆ ಬಣ್ಣ ನೋಡಿ ಮುಂಗಡ ಕೊಡಬೇಡಿ. 15 ವರ್ಷ ದಾಟಿದ ಗಾಡಿಯ ಆರ್‌ಸಿ ನವೀಕರಣ ಆಗಿರಬೇಕು, ಆಮೇಲೆ 5 ವರ್ಷಕ್ಕೊಮ್ಮೆ ಮತ್ತೆ ಆಗಬೇಕು. ರಿಂಗ್ ರಸ್ತೆಯಲ್ಲಿ ಓಡಿಸಿದರೆ ಸಾಲದು, ಒಳರಸ್ತೆಯ ಹಂಪ್ ಹತ್ತಿಸಿ ನೋಡಿ.

ಸಾಲ ಮಾಡಬೇಡಿ, ರಿಪೇರಿಗೆ ದುಡ್ಡು ಎತ್ತಿಟ್ಟು ಕೊಳ್ಳಿ. ಎತ್ತಿನ ಜೋಡಿಯಂತೆಯೇ ಇದು: ತರುವುದು ಒಂದು ದಿನದ ಖರ್ಚು, ಸಾಕುವುದು ದಿನಾ ಖರ್ಚು.